ಮೈಸೂರು, ಮಂಡ್ಯದಲ್ಲಿ ಮ್ಯಾಚ್ ಪೆಲೆಟ್ ಖಾಲಿ: ಇರೋ 14 ಡಬ್ಬಿಯಲ್ಲಿ 9 ಮಕ್ಕಳು, 8 ವಾರ ಹೇಗೆ?

ಪೇಟೆಬೀದಿ_10ಮೀ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಸಣ್ಣ ಏರ್ ಗನ್ ಶೂಟಿಂಗ್ ಕ್ಲಬ್, 10 ಮೀಟರ್ ಮಾತ್ರ. ಮಕ್ಕಳು 9 ಜನ, ಅದರಲ್ಲಿ ರೈಫಲ್ 6, ಪಿಸ್ತೂಲ್ 3. ಎಲ್ಲಾ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಗನ್‌ಗಳೇ. ರಾಜ್ಯಮಟ್ಟದ ಸ್ಪರ್ಧೆಗೆ ಇನ್ನು 8 ವಾರ.

ಮೈಸೂರಿನ ಅಂಗಡಿಗಳಲ್ಲಿ ಜರ್ಮನ್ ಮ್ಯಾಚ್ ಪೆಲೆಟ್ (ಸ್ಪರ್ಧೆಗೆ ಬಳಸೋ ಸೀಸದ ಸಣ್ಣ ಗುಂಡು) ಪೂರ್ತಿ ಖಾಲಿ. ಯಾವಾಗ ಫೋನ್ ಮಾಡಿದ್ರೂ "ಮುಂದಿನ ವಾರ" ಅಂತಾರೆ. ಸಿಗ್ತಿರೋದು ಎರಡೇ ಥರ: ಚೂಪು ಮೂತಿಯವು, ಮತ್ತೆ ಇಲ್ಲಿಯದೇ ತಯಾರಿಕೆಯ ಚಪ್ಪಟೆ ಮೂತಿ ಟ್ರೈನಿಂಗ್ ಪೆಲೆಟ್.

ಕೈಯಲ್ಲಿರೋದು: ಜರ್ಮನ್ 4.50 ಹೆಡ್ (ಪೆಲೆಟ್ಟಿನ ತಲೆಯ ಅಗಲ, ಮಿ.ಮೀ. ಲೆಕ್ಕ), ಒಂದೇ ಲಾಟ್ (ಒಂದೇ ಸಲ ತಯಾರಾದ ಮಾಲು), 6 ಡಬ್ಬಿ. ಅದೇ ಕಂಪನಿಯ 4.49, 3 ಡಬ್ಬಿ. ಟ್ರೈನಿಂಗ್ 5 ಡಬ್ಬಿ. ಎಲ್ಲಾ 500ರ ಡಬ್ಬಿ, ಒಟ್ಟು 7,000.

ಒಬ್ಬೊಬ್ಬರಿಗೆ ದಿನಕ್ಕೆ 80 ಶಾಟ್, ವಾರಕ್ಕೆ 5 ದಿನ ಅಂದ್ರೆ 8 ವಾರಕ್ಕೆ 3,200. 9 ಜನಕ್ಕೆ 28,800, ಹತ್ತಿರ ಹತ್ತಿರ 58 ಡಬ್ಬಿ. ಇನ್ನೂ 44 ಡಬ್ಬಿ ಎಲ್ಲಿಂದ ತರೋದು? ಬೇರೆ ಬ್ರಾಂಡ್ ಬೆರೆಸಿದ್ರೆ ಏನಾಗುತ್ತೆ? ಟ್ರೈನಿಂಗ್ ಪೆಲೆಟ್ಟನ್ನೇ ತೂಕ ಮಾಡಿ ಆರಿಸಿ ಮ್ಯಾಚ್‌ಗೆ ಬಳಸಬಹುದಾ? ಅಶೋಕ ರಸ್ತೆ ಚಿನ್ನದಂಗಡಿಯವರ ತಕ್ಕಡಿ ಸಾಕಾಗುತ್ತಾ?


ಹತ್ತು_ಪಾಯಿಂಟ್_ಒಂಬತ್ತು

44 ಡಬ್ಬಿ ಬೇಕಾಗಿಲ್ಲ. ಇರೋ ಒಳ್ಳೆ ಪೆಲೆಟ್ ಯಾರ ಕೈಗೆ ಹೋಗಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಅದಕ್ಕೆ ಟಾರ್ಗೆಟ್ಟಿನ ಅಳತೆಯೇ ಉತ್ತರ ಕೊಡುತ್ತೆ.

ರೈಫಲ್ ಟಾರ್ಗೆಟ್‌ನಲ್ಲಿ 10ರ ರಿಂಗ್ ಬರೀ 0.5 ಮಿ.ಮೀ. ಅಗಲದ ಚುಕ್ಕಿ. ಪೆಲೆಟ್ 4.5 ಮಿ.ಮೀ. ಅದರ ಅಂಚು ಆ ಚುಕ್ಕಿಗೆ ತಾಗಿದ್ರೂ 10. ಅಂದ್ರೆ ಪೆಲೆಟ್ಟಿನ ನಡುವು ಟಾರ್ಗೆಟ್ಟಿನ ನಡುವಿಂದ 2.5 ಮಿ.ಮೀ. ಒಳಗೆ ಇರಬೇಕು. 10.0ಯಿಂದ 10.9ರ ತನಕ ಪ್ರತಿ ಮೆಟ್ಟಿಲೂ 0.25 ಮಿ.ಮೀ. 2013ರಿಂದ ರೈಫಲ್ ಅರ್ಹತಾ ಸುತ್ತಿನಲ್ಲೂ ದಶಾಂಶ ಲೆಕ್ಕ ಬಂದಿರೋದ್ರಿಂದ ಆ ಒಂದೊಂದು ಕಾಲು ಮಿಲಿಮೀಟರಿಗೂ ಬೆಲೆ ಇದೆ.

ಪಿಸ್ತೂಲಿನ 10ರ ರಿಂಗ್ 11.5 ಮಿ.ಮೀ. ಅಲ್ಲಿ ಪೆಲೆಟ್ಟಿನ ನಡುವು 8 ಮಿ.ಮೀ. ಆಚೆ ಹೋದ್ರೂ 10 ಬರುತ್ತೆ. ಅರ್ಹತಾ ಸುತ್ತಿನಲ್ಲಿ ದಶಾಂಶವೂ ಇಲ್ಲ.

ಈಗ ಪೆಲೆಟ್ ಕಡೆ ನೋಡಿ. ಗನ್ನನ್ನ ಅಲ್ಲಾಡದ ಹಾಗೆ ಇಟ್ಟು ಹೊಡೆದಾಗ 10 ಶಾಟಿನ ಗ್ರೂಪ್ (ತೂತುಗಳ ಗುಂಪು) ಹೊರ ಅಂಚಿಂದ ಹೊರ ಅಂಚಿಗೆ 7 ಮಿ.ಮೀ. ಬಂತು ಅಂದ್ಕೊಳ್ಳಿ. 4.5 ಕಳೆದ್ರೆ 2.5, ಅರ್ಧ ಮಾಡಿದ್ರೆ 1.25. ಮಗು ತಪ್ಪೇ ಮಾಡದಿದ್ರೂ ಅತಿ ಕೆಟ್ಟ ಶಾಟ್ 10.5ಕ್ಕೆ ನಿಲ್ಲುತ್ತೆ. ಅದೇ ಗ್ರೂಪ್ 11 ಮಿ.ಮೀ. ಆದ್ರೆ 3.25 ಮಿ.ಮೀ. ಆಚೆ, ಅಂದ್ರೆ 9.7. ಮಗುವಿನ ತಪ್ಪಿಲ್ಲದೆ ಒಂಬತ್ತು! ಆದ್ರೆ ಅದೇ 11 ಮಿ.ಮೀ. ಪೆಲೆಟ್ ಪಿಸ್ತೂಲಿಗೆ ಹಾಕಿ, 8ರಲ್ಲಿ 3.25 ಹೋದ್ರೂ 4.75 ಮಿ.ಮೀ. ಮಗುವಿನ ಕೈನಡುಕಕ್ಕೆ ಉಳಿಯುತ್ತೆ.

ಹಂಗಾಗಿ ಪಿಸ್ತೂಲಿನ ಮೂರೂ ಮಕ್ಕಳಿಗೆ ಟ್ರೈನಿಂಗ್ ಪೆಲೆಟ್ಟೇ ಧಾರಾಳ ಸಾಕು. ಮ್ಯಾಚ್ ದಿನಕ್ಕೂ ಅದೇ ಕೊಟ್ಟರೆ ಆಕಾಶ ಬೀಳಲ್ಲ, ಆದ್ರೆ ಮನಸ್ಸಿನ ಸಮಾಧಾನಕ್ಕೆ ಒಳ್ಳೇದು ಕೊಡಿ.

ತೂಕದ ವಿಷಯ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ 10 ಮೀಟರ್ ದಾಟೋಕೆ ಸುಮಾರು 0.06 ಸೆಕೆಂಡ್. ಅಷ್ಟರಲ್ಲಿ 17 ಮಿ.ಮೀ. ಕೆಳಗೆ ಬೀಳುತ್ತೆ. ತೂಕದಲ್ಲಿ 5 ಮಿಲಿಗ್ರಾಂ ವ್ಯತ್ಯಾಸ ಇದ್ರೆ, ಅಂದ್ರೆ ನೂರಕ್ಕೆ ಒಂದರಷ್ಟು, ವೇಗ ಅರ್ಧ ಶೇಕಡಾ ಬದಲಾಗುತ್ತೆ, ಬೀಳೋದ್ರಲ್ಲಿ ಫರಕು 0.17 ಮಿ.ಮೀ. ಒಂದು ದಶಾಂಶ ಮೆಟ್ಟಿಲೂ ಇಲ್ಲ. ಅದನ್ನ ಹಿಡಿಯೋಕೆ 1 ಮಿಲಿಗ್ರಾಂ ತೋರಿಸೋ ತಕ್ಕಡಿ ಬೇಕು. 10 ಮಿಲಿಗ್ರಾಂ ಮೆಟ್ಟಿಲಿನ ತಕ್ಕಡಿಯಲ್ಲಿ ಎಲ್ಲಾ ಪೆಲೆಟ್ಟೂ 0.53 ಅಂತಲೇ ಬರುತ್ತೆ. ಒಂದೊಂದೇ ತೂಗ್ತಾ ಕೂರೋ ಸಂಜೆಗಳನ್ನ ಉಳಿಸಿ. ಗ್ರೂಪ್ ಹಾಳು ಮಾಡೋದು ತೂಕಕ್ಕಿಂತ ಜಾಸ್ತಿ ಸೊಟ್ಟ ಸ್ಕರ್ಟ್, ಅಂದ್ರೆ ಪೆಲೆಟ್ಟಿನ ಹಿಂಬದಿಯ ಅಂಚು.


ಕುವೆಂಪುನಗರ_ಆರ್ಮರರ್

ಮೇಲಿನವರ ಲೆಕ್ಕ ಸರಿ ಇದೆ. ಸ್ಕರ್ಟ್ ಬಗ್ಗೆ ನಾನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ಟ್ರೈನಿಂಗ್ ಡಬ್ಬಿಗಳಲ್ಲಿ ತೊಂದರೆ ಇರೋದೇ ಅಲ್ಲಿ.

ಪೆಲೆಟ್ಟಿನ ಹಿಂಬದಿ ಟೊಳ್ಳು, ತೆಳು ಗೋಡೆ. ಗಾಳಿ ಒತ್ತಿದಾಗ ಅದು ಅರಳಿ ನಳಿಗೆಯ ಗೀರುಗಳಿಗೆ ಕಚ್ಚಿಕೊಳ್ಳಬೇಕು. ಡಬ್ಬಿ ಒಂದು ಸಲ ಕೆಳಗೆ ಬಿದ್ರೆ ಸಾಕು, ಹತ್ತಾರು ಪೆಲೆಟ್ಟಿನ ಸ್ಕರ್ಟ್ ಕೋಳಿಮೊಟ್ಟೆ ಆಕಾರಕ್ಕೆ ತಿರುಗಿರುತ್ತೆ. ಒಂದು ಕಡೆ ಗಾಳಿ ಮೊದಲು ಸೋರುತ್ತೆ, ಪೆಲೆಟ್ ಓಲಾಡ್ಕೊಂಡು ಹೋಗುತ್ತೆ. "ಯಾಕೋ ಒಂದು ಶಾಟ್ ಮಾತ್ರ ದೂರ ಹೋಯ್ತು" ಅನ್ನೋದ್ರಲ್ಲಿ ಪೆಲೆಟ್ಟಿನ ಪಾಲು ಇದ್ರೆ ಬಹುತೇಕ ಇದೇ.

ಆರಿಸೋಕೆ ತಕ್ಕಡಿ ಬೇಡ, ಒಂದು ಗಾಜಿನ ಹಲಗೆ ಸಾಕು. ಒಂದು ಬದಿಗೆ ಪೆನ್ಸಿಲ್ ಕೊಟ್ಟು ಸ್ವಲ್ಪ ಇಳಿಜಾರು ಮಾಡಿ, ಮೇಲಿಂದ ಪೆಲೆಟ್ ಉರುಳಿಸಿ. ಸ್ಕರ್ಟ್ ಹೆಡ್‌ಗಿಂತ ತುಸು ದೊಡ್ಡದಾಗಿರೋದ್ರಿಂದ ಎಲ್ಲವೂ ಬಿಲ್ಲಿನ ಹಾಗೆ ಬಾಗಿ ಉರುಳ್ತವೆ. ಒಳ್ಳೆಯವು ಕೆಳಗೆ ಒಂದೇ ಜಾಗಕ್ಕೆ ಬಂದು ಸೇರ್ತವೆ. ತಟ್ಟಾಡೋದು, ಮಧ್ಯ ನಿಲ್ಲೋದು, ಬೇರೆ ದಾರಿ ಹಿಡಿಯೋದು ಪಕ್ಕಕ್ಕೆ. ಪಕ್ಕಕ್ಕೆ ಹೋದವು ಪಿಸ್ತೂಲ್ ಅಭ್ಯಾಸಕ್ಕೆ. ಕೈಗೆ ಸಿಗೋಷ್ಟು ಸೊಟ್ಟ ಆದವು ಗುಜರಿಗೆ. ಸ್ಕರ್ಟನ್ನ ಕಡ್ಡಿ ತೂರಿಸಿ ದುಂಡಗೆ ಮಾಡೋ ಸಾಹಸ ಬೇಡ, ಒಂದು ಕಡೆ ಸರಿಯಾದ್ರೆ ಇನ್ನೊಂದು ಕಡೆ ಕೆಡುತ್ತೆ.

ಬ್ರಾಂಡ್ ಬೆರೆಸೋ ಪ್ರಶ್ನೆ. ಬೆರೆಸಬೇಡಿ. ಬ್ರಾಂಡ್ ಹಾಗಿರಲಿ, ಒಂದೇ ಬ್ರಾಂಡಿನ ಎರಡು ಲಾಟ್ ಕೂಡ ಬೆರೆಸಬೇಡಿ. ನಿಮ್ಮೂರಿನ ಆಲೆಮನೆಯಲ್ಲಿ ಕಬ್ಬು ಅದೇ, ಕೊಪ್ಪರಿಗೆ ಅದೇ, ಆದ್ರೂ ಬೆಳಗಿನ ಪಾಕದ ಬೆಲ್ಲಕ್ಕೂ ಸಂಜೆಯದಕ್ಕೂ ಬಣ್ಣ ಬೇರೆ ಅಲ್ವಾ? ಇದೂ ಹಂಗೇ. ಅಚ್ಚು ಸವೆದಂತೆ ಹೆಡ್ ಅಳತೆ ಕೂದಲೆಳೆಯಷ್ಟು ಸರಿಯುತ್ತೆ, ಗ್ರೂಪಿನ ನಡುವು ಜಾಗ ಬದಲಿಸುತ್ತೆ. ಲಾಟ್ ಬದಲಾದ ದಿನ ಸೈಟ್ (ಗುರಿ ನೋಡೋ ಭಾಗ) ಮತ್ತೆ ಜೀರೋ ಮಾಡಿ, ಅಂದ್ರೆ ಶಾಟ್ ನಡುವಿಗೆ ಬೀಳೋ ಹಾಗೆ ತಿರುಗಿಸಿ, ಎಷ್ಟು ಕ್ಲಿಕ್ ಯಾವ ಕಡೆ ಅಂತ ಪ್ರತಿ ಗನ್ನಿಗೂ ಚೀಟಿ ಅಂಟಿಸಿ. ಟ್ರೈನಿಂಗ್‌ನಿಂದ ಮ್ಯಾಚ್ ಪೆಲೆಟ್ಟಿಗೆ ಹೋಗೋವಾಗ ಆ ಚೀಟಿ ನೋಡಿ ತಿರುಗಿಸಿದ್ರೆ ಅರ್ಧ ಡಬ್ಬಿ ಉಳಿಯುತ್ತೆ.

4.49 ಒಳ್ಳೇದಾ, 4.50 ಒಳ್ಳೇದಾ ಅಂತ ನೀವು ಕೇಳಿಲ್ಲ. ಕೇಳಿದ್ರೂ ಉತ್ತರ ಗನ್ ಹತ್ತಿರವೇ ಇದೆ. ಪರೀಕ್ಷೆ ಹೀಗೆ ಮಾಡಿ: ಮರಳು ಚೀಲದ ಮೇಲೆ ಮುಂಗಟ್ಟು (ನಳಿಗೆ ಕೆಳಗಿನ ಹಿಡಿಯೋ ಭಾಗ) ಇಡಿ, ನಳಿಗೆ ಯಾವುದಕ್ಕೂ ತಾಗಬಾರದು. ಆರೂ ರೈಫಲ್ಲನ್ನ ಒಬ್ಬರೇ ಹೊಡೀಬೇಕು, ಕೈ ಬದಲಾಗಬಾರದು. ಮೊದಲ ಐದಾರು ಶಾಟ್ ಲೆಕ್ಕಕ್ಕಿಲ್ಲ, ನಳಿಗೆಗೆ ಹೊಸ ಸೀಸ ಒಗ್ಗಲಿ. ಆಮೇಲೆ 4.50ರಲ್ಲಿ 10, 4.49ರಲ್ಲಿ 10, ಮತ್ತೆ 4.50, ಮತ್ತೆ 4.49. ಹೀಗೆ ಸರದಿ ಹಾಕಿದ್ರೆ ಹೊಡೆಯೋರ ಸುಸ್ತು ಎರಡಕ್ಕೂ ಸಮ ಹಂಚಿಕೆ ಆಗುತ್ತೆ. ಅಳೆಯೋವಾಗ ತೂತಿನ ಅಂಚು ಹಿಡೀಬೇಡಿ, ಕಾಗದ ಕುಗ್ಗಿರುತ್ತೆ. ಸುತ್ತ ಇರೋ ಸೀಸದ ಬೂದು ಗೆರೆಯಿಂದ ಅಳೀರಿ. ಎರಡು ಗ್ರೂಪಿನ ಮಧ್ಯೆ ಅರ್ಧ ಮಿ.ಮೀ. ವ್ಯತ್ಯಾಸ ಬಂದ್ರೆ ಅದನ್ನ ದೊಡ್ಡದು ಮಾಡಬೇಡಿ. ಎರಡೂ ಸಲ ಅದೇ ಹೆಡ್ ಗೆದ್ದು, ಒಂದು ಮಿ.ಮೀ. ಮೇಲೆ ಅಂತರ ಇದ್ರೆ ಮಾತ್ರ ನಂಬಿ.

ಇದಕ್ಕೆಲ್ಲಾ ಮುಂಚೆ ಗನ್ ನೋಡಿ. ಹಿಂದಿನ ಸೈಟಿನ ಸ್ಕ್ರೂ, ನಳಿಗೆ ಹಿಡಿದಿರೋ ಸ್ಕ್ರೂ, ಪೆಲೆಟ್ ತೂರಿಸೋ ಜಾಗದ ಓ-ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ಬಳೆ), ಸಿಲಿಂಡರ್ ಒತ್ತಡ. ಓ-ರಿಂಗ್ ಸವೆದಿದ್ರೆ ಯಾವ ಜರ್ಮನ್ ಪೆಲೆಟ್ಟೂ ಕಾಪಾಡಲ್ಲ.


ಅಂಗಡಿ_ಕಡೆಯವ

ಅಂಗಡಿಯವರು ಸುಳ್ಳು ಹೇಳ್ತಿದಾರೆ ಅಂತ ಅಂದ್ಕೋಬೇಡಿ ಸರ್. ಆರ್‌ಡಬ್ಲ್ಯೂಎಸ್, ಎಚ್ ಆಂಡ್ ಎನ್ ಎರಡೂ ಜರ್ಮನಿಯವು, ಜೆಎಸ್‌ಬಿ ಜೆಕ್ ದೇಶದ್ದು. ತಿಂಗಳು ತಿಂಗಳು ಬರೋ ಮಾಲಲ್ಲ. ಆಮದುದಾರರ ಹತ್ತಿರ ಒಟ್ಟಿಗೆ ಬಂದು ಬೀಳುತ್ತೆ, ಸ್ಪರ್ಧೆ ಸೀಸನ್ ಹತ್ತಿರ ಇದ್ರೆ ದೊಡ್ಡ ಊರಿನ ಕ್ಲಬ್‌ಗಳು ಲಾಟ್ ಸಮೇತ ಎತ್ತಿಬಿಡ್ತಾರೆ. ಮೈಸೂರಿನ ಅಂಗಡಿಗೆ ಬರೋದು ಮೂರನೇ ಕೈಗೆ. ನಾಲ್ಕು ಡಬ್ಬಿ ಕೇಳೋ ಗಿರಾಕಿಗೆ ಯಾರೂ ಎತ್ತಿಡಲ್ಲ.

ಮಂಡ್ಯ, ಮೈಸೂರು, ಶ್ರೀರಂಗಪಟ್ಟಣದ ಕಡೆಯ ಕ್ಲಬ್‌ಗಳು, ಮನೆಯಲ್ಲೇ ಅಭ್ಯಾಸ ಮಾಡೋರು ಎಲ್ಲಾ ಸೇರಿ ವರ್ಷಕ್ಕೆ ಎರಡು ಸಲ ಒಟ್ಟಿಗೆ ಆರ್ಡರ್ ಹಾಕಿ. ಆರ್ಡರಿನಲ್ಲಿ ಮೂರು ವಿಷಯ ಬರೆದು ಕೊಡಿ: ಹೆಡ್ ಅಳತೆ, ರೈಫಲ್ ತೂಕವೋ ಪಿಸ್ತೂಲ್ ತೂಕವೋ, "ಎಲ್ಲಾ ಡಬ್ಬಿ ಒಂದೇ ಲಾಟ್". ಬಾಯಲ್ಲಿ ಹೇಳಿದ್ರೆ ಮೂರನೇದು ಮರೆತೇ ಹೋಗುತ್ತೆ. ಮಾಲು ಬಂದಾಗ ಡಬ್ಬಿಯ ಚೀಟಿ ಮೇಲಿನ ನಂಬರ್ ಒಂದೊಂದಾಗಿ ನೋಡಿ ತಗೊಳ್ಳಿ.

ತಕ್ಕಡಿ ಪೂರ್ತಿ ದಂಡ ಅಂತ ನಾನು ಒಪ್ಪಲ್ಲ. ಒಂದೊಂದೇ ತೂಗಬೇಡಿ, ಹತ್ತು ಒಟ್ಟಿಗೆ ತೂಗಿ. ರೈಫಲ್ ಪೆಲೆಟ್ ಆದ್ರೆ 5.3 ಗ್ರಾಂ ಆಸುಪಾಸು ಬರಬೇಕು. ಪಿಸ್ತೂಲಿನದು ಬ್ರಾಂಡ್ ನೋಡಿ 4.5ರಿಂದ 4.9. ಚೀಟಿ ಅದಲು ಬದಲು, ಬೇರೆ ಪೆಲೆಟ್ ತುಂಬಿದ ಡಬ್ಬಿ, ಎರಡೂ ಇದರಲ್ಲಿ ಸಿಕ್ಕಿಬೀಳ್ತವೆ. ಇದಕ್ಕೆ ಚಿನ್ನದಂಗಡಿ ತಕ್ಕಡಿ ಧಾರಾಳ. ಇಡೀ ಡಬ್ಬಿಯಾದ್ರೆ ಒಳಗಿನ ಮಾಲು 265 ಗ್ರಾಂ.

ಪಾರ್ಸೆಲ್ ತರಿಸೋದಾದ್ರೆ ಮೇಲೆ "ಏರ್ ರೈಫಲ್ ಸೀಸದ ಪೆಲೆಟ್" ಅಂತ ಪೂರ್ತಿ ಬರೆಸಿ, ಬಿಲ್ ಒಂದು ಪ್ರತಿ ಒಳಗೆ, ಒಂದು ಹೊರಗೆ. ಬರೀ "ಗುಂಡು" ಅಂತ ಇದ್ರೆ ದಾರಿಯಲ್ಲೇ ಎಲ್ಲೋ ನಿಲ್ಲುತ್ತೆ. ಡಬ್ಬಿಯೊಳಗೆ ಮುಚ್ಚಳದ ಕೆಳಗೆ ಸ್ಪಾಂಜ್ ಬಿಲ್ಲೆ ಇದೆಯಾ ನೋಡಿ. ಪೆಲೆಟ್ ಕುಲುಕಾಡ್ಕೊಂಡು ಬಂದ್ರೆ ಮೇಲಿನವರು ಹೇಳಿದ ಕೋಳಿಮೊಟ್ಟೆ ಸ್ಕರ್ಟ್ ಗ್ಯಾರಂಟಿ.


ಮದ್ದೂರು_ಪ್ರೋನ್

ಇದರ ಜೊತೆಗೆ ಒಂದು. 50 ಮೀಟರಿನ .22 ಕಾರ್ಟ್ರಿಡ್ಜೂ ಸಿಗ್ತಿಲ್ಲ. ಯೂಟ್ಯೂಬಿನಲ್ಲಿ ಅಮೆರಿಕದವರು ಖಾಲಿ ಕೇಸಿಗೆ (ಕಾರ್ಟ್ರಿಡ್ಜಿನ ಹಿತ್ತಾಳೆ ಕೊಳವೆ) ಮನೆಯಲ್ಲೇ ಮದ್ದು ತುಂಬ್ತಾರೆ. ಹೊಡೆದು ಬಿದ್ದಿರೋ ಕೇಸ್ ನಮ್ಮ ಹತ್ತಿರ ಚೀಲಗಟ್ಟಲೆ ಇದೆ. ಇಲ್ಲಿ ಯಾಕಾಗಲ್ಲ?


ಕುವೆಂಪುನಗರ_ಆರ್ಮರರ್

ಎರಡು ಕಾರಣಕ್ಕೆ ಆಗಲ್ಲಣ್ಣ.

ಮೊದಲನೇದು ಕೇಸಿನ ರಚನೆ. ಅವರು ತುಂಬೋದು ಸೆಂಟರ್‌ಫೈರ್. ಅದರ ಬುಡದ ನಡುವೆ ಪ್ರೈಮರ್ ಅನ್ನೋ ಬೇರೆ ಬಟ್ಟಲು ಇರುತ್ತೆ, ತೆಗೆದು ಹೊಸದು ಹಾಕಬಹುದು. ನಮ್ಮ .22 ರಿಮ್‌ಫೈರ್. ಸಿಡಿಯೋ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತೆ, ಪಿನ್ ಹೊಡೆದಾಗ ಆ ಅಂಚು ತಗ್ಗು ಬಿದ್ದು ಕೆಟ್ಟಿರುತ್ತೆ. ಆ ಕೇಸು ಒಂದೇ ಸಲದ್ದು. ಗುಜರಿಗೆ ಹಿತ್ತಾಳೆ ಲೆಕ್ಕದಲ್ಲಿ ಹೋಗಬೇಕು ಅಷ್ಟೇ.

ಎರಡನೇದು ಕಾನೂನು. 1959ರ ಆಯುಧ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಮದ್ದುಗುಂಡಿನ ಬಿಡಿಭಾಗ, ಅದನ್ನ ತಯಾರಿಸೋ ಯಂತ್ರ ಕೂಡ ಮದ್ದುಗುಂಡು ಅಂತಲೇ ಲೆಕ್ಕ. ತಯಾರಿಕೆಗೆ 5ನೇ ಸೆಕ್ಷನ್ನಿನ ಪರವಾನಗಿ ಬೇಕು, ಗನ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಆಗಲ್ಲ. ಅಲ್ಲಿ ಪ್ರೈಮರ್, ಪೌಡರ್, ಪ್ರೆಸ್ ಎಲ್ಲಾ ಅಂಗಡಿಯ ಹಲಗೆ ಮೇಲೇ ಸಿಗೋ ಮಾಲು. ಅಂಥ ಊರಿನಲ್ಲೇ 2020–21ರಲ್ಲಿ ಪ್ರೈಮರ್ ಸಿಗದೆ ಜನ ಒದ್ದಾಡಿದ್ರು. ನಮ್ಮಲ್ಲಿ ಆ ದಾರಿಯೇ ಇಲ್ಲ. .22 ವಿಚಾರ ನಿಮ್ಮ ರೈಫಲ್ ಸಂಸ್ಥೆಯ ಕೋಟಾದಲ್ಲೇ ಕೇಳಿ.

ಏರ್ ಪೆಲೆಟ್ ಬೇರೆ ಮಾತು. ಅದರಲ್ಲಿ ಮದ್ದಿಲ್ಲ, ಬರೀ ಸೀಸ. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಏರ್ ಗನ್ನಿಗೆ ಲೈಸೆನ್ಸೂ ಬೇಡ. ಮ್ಯಾಚ್ ರೈಫಲ್ 8 ಜೂಲ್ ಹತ್ತಿರ ಇರುತ್ತೆ.


ಪೇಟೆಬೀದಿ_10ಮೀ

ಎಲ್ಲರಿಗೂ ಧನ್ಯವಾದ. ಲೆಕ್ಕ ಹೀಗೆ ಹಾಕಿದೀನಿ, ತಪ್ಪಿದ್ರೆ ಹೇಳಿ.

ಕೊನೆಯ 2 ವಾರದಲ್ಲಿ ಪ್ರತಿಯೊಬ್ಬರಿಗೂ 4 ಪೂರ್ತಿ ಮ್ಯಾಚ್, ಜೊತೆಗೆ ಸ್ಪರ್ಧೆ ಒಂದು. 60 ಶಾಟ್, ಸೈಟಿಂಗಿಗೆ (ಅಂಕಕ್ಕೆ ಸೇರದ, ಸೈಟ್ ಸರಿ ಮಾಡ್ಕೊಳ್ಳೋ ಶಾಟ್) 20, ಒಟ್ಟು 80. ಐದು ಸಲಕ್ಕೆ 400. ರೈಫಲ್ಲಿನ 6 ಜನಕ್ಕೆ 2,400. 4.50ರ 6 ಡಬ್ಬಿಯಲ್ಲಿ 3,000 ಇದೆ, 600 ಪರೀಕ್ಷೆಗೆ ಉಳಿಯುತ್ತೆ. ಪಿಸ್ತೂಲಿನ 3 ಜನಕ್ಕೆ 1,200. 4.49ರಲ್ಲಿ 1,500 ಇದೆ. ಯಾವುದಾದ್ರೂ ರೈಫಲ್ 4.49 ಇಷ್ಟಪಟ್ರೆ ಪಿಸ್ತೂಲಿನವರ ಜೊತೆ ಅದಲು ಬದಲು.

ಮೊದಲ 6 ವಾರಕ್ಕೆ ಟ್ರೈನಿಂಗ್ 2,500 ಮಾತ್ರ. 9 ಜನಕ್ಕೆ ಹಂಚಿದ್ರೆ ವಾರಕ್ಕೆ ಒಬ್ಬರಿಗೆ 46. ಕಮ್ಮಿ ಆಯ್ತು ಅಲ್ವಾ?


ಹತ್ತು_ಪಾಯಿಂಟ್_ಒಂಬತ್ತು

ಲೆಕ್ಕ ಸರಿ. ಟ್ರೈನಿಂಗ್ ಪೆಲೆಟ್ ಸಿಗ್ತಿದೆ ಅಂದ್ರಲ್ಲ, ಇನ್ನು 10 ಡಬ್ಬಿ ಮಾತ್ರ ತಗೊಳ್ಳಿ. ಒಟ್ಟು 7,500 ಆಗುತ್ತೆ, ವಾರಕ್ಕೆ ಒಬ್ಬರಿಗೆ ಹತ್ತಿರ 138. ಅಂದ್ರೆ 45ರ ಮೂರು ಪಾಳಿ. ಚೂಪು ಮೂತಿಯದು ಬೇಡ, ಕಾಗದ ಹರಿಯುತ್ತೆ, ಗೆರೆ ಮೇಲಿನ ಶಾಟ್ ಓದೋಕೆ ಬರಲ್ಲ.

ಉಳಿದ ಎರಡು ದಿನ ಡ್ರೈ ಫೈರಿಂಗ್, ಅಂದ್ರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯೋ ಅಭ್ಯಾಸ. ಮ್ಯಾಚ್ ಗನ್‌ಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡೋ ವ್ಯವಸ್ಥೆ ಇರುತ್ತೆ, ಪುಸ್ತಕ ನೋಡಿ ಆ ಲೀವರ್ ಹುಡುಕಿ. ಮೊದಲ 20 ಬಿಳಿ ಗೋಡೆಗೆ, ಕಣ್ಣು ಮುಂದಿನ ಸೈಟಿನ ಮೇಲೆ ಮಾತ್ರ. ಆಮೇಲೆ 40 ಟಾರ್ಗೆಟ್ಟಿಗೆ. ಟ್ರಿಗರ್ ಬಿದ್ದ ಮೇಲೂ ಎರಡು ಸೆಕೆಂಡ್ ಗನ್ ಇಳಿಸಬಾರದು, ಸೈಟ್ ಎಲ್ಲಿತ್ತು ಅಂತ ಮಗು ಬಾಯಿಬಿಟ್ಟು ಹೇಳಬೇಕು. "ಮೂರು ಗಂಟೆ ಕಡೆ" (ಗಡಿಯಾರದ ಲೆಕ್ಕದಲ್ಲಿ ಬಲಕ್ಕೆ) ಅಂತ ಹೇಳೋಕೆ ಬಂತು ಅಂದ್ರೆ ಆ ಶಾಟಿಗೆ ಪೆಲೆಟ್ ಬೇಕಿರಲಿಲ್ಲ. ಸುಮ್ಮನೆ 80 ಹೊಡೆಸೋದಕ್ಕಿಂತ ಇದರಲ್ಲಿ ಲಾಭ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ, ಪೆಲೆಟ್ ಧಾರಾಳವಾಗಿ ಸಿಗೋ ಕಾಲದಲ್ಲೂ.

ಮನೆಯಲ್ಲಿ ಸ್ಪ್ರಿಂಗ್ ಗನ್ ಇರೋ ಮಕ್ಕಳು ಇದನ್ನ ಅದರಲ್ಲಿ ಮಾಡಬಾರದು. ಮುಂದೆ ಪೆಲೆಟ್ ಇಲ್ಲದಿದ್ರೆ ಪಿಸ್ಟನ್‌ಗೆ ತಡೆಯೋ ಗಾಳಿ ಮೆತ್ತೆ ಸಿಗಲ್ಲ, ನೇರ ಹೋಗಿ ಗುದ್ದುತ್ತೆ. ಸೀಲ್ ಹೋಗುತ್ತೆ, ಆಮೇಲೆ ಸ್ಪ್ರಿಂಗ್.


ಪೇಟೆಬೀದಿ_10ಮೀ

10 ಡಬ್ಬಿಗೆ ಆರ್ಡರ್ ಹೇಳಿದೆ. ಇನ್ನೆರಡು ಸಣ್ಣ ಪ್ರಶ್ನೆ. 4.49ರ ಒಂದು ಡಬ್ಬಿಯಲ್ಲಿ ಬಿಳಿ ಪುಡಿ ಕಾಣ್ತಿದೆ. ತೊಳೆದ್ರೆ ಹೋಗುತ್ತಾ? ಮತ್ತೆ ಟಾರ್ಗೆಟ್ ಹಿಂದೆ ಪೆಲೆಟ್ ಹಿಡಿಯೋ ಟ್ರಾಪ್‌ನಲ್ಲಿ ಬಿದ್ದಿರೋ ಹಳೇ ಸೀಸ ಸುಮಾರು ಇದೆ, ಕರಗಿಸಿ ಏನಾದ್ರೂ ಮಾಡಬಹುದಾ?


ಕುವೆಂಪುನಗರ_ಆರ್ಮರರ್

ಬಿಳಿ ಪುಡಿ ಸೀಸದ ತುಕ್ಕು. ಶೀತಕ್ಕೂ ಬರುತ್ತೆ, ಹೊಸ ಮರದ ಇಲ್ಲಾ ಪ್ಲೈವುಡ್ ಬೀರುವಿನಲ್ಲಿ ಇಟ್ಟಿದ್ರೆ ಅದರಿಂದ ಬರೋ ಹುಳಿ ಆವಿಗೆ ಇನ್ನೂ ಬೇಗ ಬರುತ್ತೆ. ನಾಲೆ ಬಯಲಿನ ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಸೇರ್ತವೆ. ತೊಳೆದ್ರೆ ಪುಡಿ ಹೋಗುತ್ತೆ, ತಿಂದುಹೋದ ಮೈ ವಾಪಸ್ ಬರಲ್ಲ. ಆ ಪುಡಿ ಉಸಿರಿಗೆ ಹೋಗಬಾರದು. ಕೈಗವಸು ಹಾಕಿ ಮುಚ್ಚಳ ಭದ್ರ ಮಾಡಿ ಡಬ್ಬಿ ಸಮೇತ ಗುಜರಿ ಕಡೆ ಇಡಿ. ಮೂರರಲ್ಲಿ ಒಂದು ಹೋದ್ರೆ 4.49 ಸಾವಿರಕ್ಕೆ ಇಳಿಯುತ್ತೆ, 200 ಕಮ್ಮಿ ಬೀಳುತ್ತೆ. ಪಿಸ್ತೂಲಿನವರ ಮೊದಲ ಒಂದು ಅಭ್ಯಾಸ ಮ್ಯಾಚ್ ಟ್ರೈನಿಂಗ್ ಪೆಲೆಟ್ಟಿನಲ್ಲೇ ಆಗಲಿ, ಮೂರು ಜನಕ್ಕೆ 240 ಅಲ್ಲೇ ಉಳಿಯಿತು. ಉಳಿದ ಡಬ್ಬಿಗಳನ್ನ ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಟ್ರಾಪಿನ ಸೀಸ ಕರಗಿಸಬೇಡಿ. 327 ಡಿಗ್ರಿಗೆ ಕರಗುತ್ತೆ, ಮನೆ ಒಲೆಯಲ್ಲೂ ಆಗುತ್ತೆ, ಅಪಾಯ ಇರೋದೇ ಅಲ್ಲಿ. ಮಕ್ಕಳು ಓಡಾಡೋ ಜಾಗದಲ್ಲಿ ಅದರ ಹೊಗೆ, ಬೂದಿ ಎರಡೂ ಬೇಡ. ಒಮ್ಮೆ ಹೊಡೆದ ಪೆಲೆಟ್ ಚಪ್ಪಟೆ ಆಗಿರುತ್ತೆ, ಅದನ್ನ ಮತ್ತೆ ಮ್ಯಾಚ್ ಪೆಲೆಟ್ ಮಾಡೋ ಅಚ್ಚು ಮನೆಯಲ್ಲಿ ಆಗೋ ಕೆಲಸವೂ ಅಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಒಣ ಪೊರಕೆ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ ಸೀಸ ಅಂತ ಬರೆದು ಬ್ಯಾಟರಿ ಸೀಸ ತಗೊಳ್ಳೋ ಗುಜರಿಯವರಿಗೆ ತೂಕಕ್ಕೆ ಕೊಡಿ. ಬರೋ ದುಡ್ಡಿಗೆ ಒಂದೆರಡು ಡಬ್ಬಿ ಟ್ರೈನಿಂಗ್ ಆದ್ರೂ ಬರುತ್ತೆ. ಪೆಲೆಟ್ ಮುಟ್ಟಿದ ಮಕ್ಕಳು ತಿಂಡಿ ಡಬ್ಬಿ ಬಿಚ್ಚೋಕೆ ಮುಂಚೆ ಸೋಪಿನಲ್ಲಿ ಕೈ ತೊಳೀಲಿ, ಪೆಲೆಟ್ ತುಟಿಯಲ್ಲಿ ಕಚ್ಚಿಕೊಳ್ಳೋ ಅಭ್ಯಾಸ ಯಾರಿಗಾದ್ರೂ ಇದ್ರೆ ಇವತ್ತೇ ಬಿಡಿಸಿ.